ಆಟಂ ಕವಿಗಳಾ, ಅಣುಕವಿಗಳಾ? ಐಸ್‌ಲ್ಯಾಂಡಿನ ಒಂದು ಬೈಗುಳದ ಹಿಂದೆ

ಅರ್ಧಕಾಫಿ:
ಎಲ್ಲರಿಗೂ ನಮಸ್ಕಾರ. ಒಂದು ಪದದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ಸ್ವಲ್ಪ ಕೈ ಹಿಡಿದು ಎಳೆಯಿರಿ.

ಐಸ್‌ಲ್ಯಾಂಡಿನ ಕಾವ್ಯದ ಬಗ್ಗೆ ಪುಟ್ಟ ಲೇಖನ ಬರೆಯುತ್ತಿದ್ದೇನೆ. 1950ರ ಆಸುಪಾಸಿನಲ್ಲಿ ಅಲ್ಲಿ ಹಳೆಯ ಛಂದಸ್ಸು ಬಿಟ್ಟು ಬರೆದ ಕೆಲವರನ್ನು 'ಆಟೋಮ್‌ಸ್ಕೌಲ್ಡ್' ಅಂತ ಕರೆಯುತ್ತಾರೆ. ಸ್ಕೌಲ್ಡ್ ಅಂದರೆ ಕವಿ. ಆಟೋಮ್ ಅಂದರೆ ನಮ್ಮ ಆಟಂ. ಮೊದಲು 'ಅಣುಕವಿಗಳು' ಅಂತ ಬರೆದೆ. ಮನೆಯಲ್ಲಿ ಓದಿದವರು "ಯಾಕೆ, ಅಷ್ಟು ಸಣ್ಣ ಕವಿಗಳಾ?" ಅಂದರು. 'ಪರಮಾಣು ಕವಿಗಳು' ಅಂತ ತಿದ್ದಿದೆ, ಕೈಗಾ ಕಾಲೊನಿಯ ಕವಿಗೋಷ್ಠಿ ಇದ್ದ ಹಾಗಾಯಿತು. 'ಆಟಂ ಕವಿಗಳು' ಅಂದರೆ ದೀಪಾವಳಿಯ ಆಟಂ ಬಾಂಬ್ ಕಿವಿಯಲ್ಲಿ ಢಂ ಅನ್ನುತ್ತದೆ.

ಈ ಹೆಸರು ಎಲ್ಲಿಂದ ಬಂತು? ಹೊಗಳಿಕೆಯಾ, ಬೈಗುಳವಾ? ಅದು ಗೊತ್ತಾದರೆ ಪದ ಆರಿಸುವುದು ಸುಲಭ.

ಹಳೇಪೇಟೆ:
ಬೈಗುಳವೇ. ಅದೂ ಒಂದು ಕಾದಂಬರಿಯಿಂದ ಬಂದ ಬೈಗುಳ.

ಹಾಲ್ಡೋರ್ ಲಾಕ್ಸ್‌ನೆಸ್ 1948ರಲ್ಲಿ 'ಆಟೋಮ್‌ಸ್ಟೋದಿನ್' ಅಂತ ಒಂದು ಕಾದಂಬರಿ ತಂದರು. 'ಆಟಂ ಠಾಣೆ' ಅನ್ನಬಹುದು. ಉಗ್ಲಾ ಅನ್ನುವ ಹಳ್ಳಿ ಹುಡುಗಿ ಉತ್ತರದಿಂದ ರಾಜಧಾನಿ ರೇಕ್ಯಾವಿಕ್‌ಗೆ ಬರುತ್ತಾಳೆ. ಒಬ್ಬ ಸಂಸದನ ಮನೆಯಲ್ಲಿ ಕೆಲಸಕ್ಕೆ ಸೇರುತ್ತಾಳೆ, ಜೊತೆಗೆ ಹಾರ್ಮೋನಿಯಂ ಕಲಿಯಬೇಕು ಅಂತ ಆಸೆ. ಕಲಿಸುವ ಆರ್ಗನ್ ಮೇಷ್ಟ್ರ ಮನೆ ಒಂಥರಾ ಛತ್ರ, ಯಾರು ಬೇಕಾದರೂ ಬಂದು ಕೂರಬಹುದು. ಅಲ್ಲಿಗೆ ಬರುವ ಇಬ್ಬರು ತಮ್ಮನ್ನು ದೇವರು ಅಂದುಕೊಂಡ ವಿಚಿತ್ರ ಹುಡುಗರು. ಒಬ್ಬನ ಹೆಸರೇ ಬ್ರಿಲಿಯಂಟೈನ್, ತಲೆಗೆ ಹಚ್ಚುವ ಎಣ್ಣೆಯ ಹೆಸರು! ಇನ್ನೊಬ್ಬ ಬೆಂಜಮಿನ್. ಈ ಬೆಂಜಮಿನ್‌ನೇ 'ಆಟಂ ಕವಿ'. ಅಂದರೆ ಪಾತ್ರವೇ ಒಂದು ನಗೆಚಾಟಿಕೆ.

ಕಾದಂಬರಿ ಬಂದ ಮೇಲೆ ಪದ ಪುಸ್ತಕದಿಂದ ಇಳಿದು ಬೀದಿಗೆ ಬಂತು. ಯಾರಾದರೂ ಪ್ರಾಸವಿಲ್ಲದೆ ಬರೆದರೆ ಸಾಕು, ಅವನು ಆಟಂ ಕವಿ. ಅವನು ಬರೆದದ್ದು 'ಆಟೋಮ್‌ಲ್ಯೋದ್', ಆಟಂ ಪದ್ಯ.

ತಗಾದೆ:
ಅಂದರೆ ಲಾಕ್ಸ್‌ನೆಸ್ ಈ ಕವಿಗಳನ್ನು ನೋಡಿ ಆಡಿಕೊಂಡರು, ಹೆಸರು ಅಂಟಿತು. ಇಷ್ಟೇ ತಾನೇ? ಕಥೆ ಮುಗಿಯಿತಲ್ವಾ?

ಹಳೇಪೇಟೆ:
ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಇಸವಿ ನೋಡಿ ಸ್ವಾಮಿ.

ಆಟಂ ಕವಿಗಳು ಅಂದಾಗ ಸಾಮಾನ್ಯವಾಗಿ ಎಣಿಸುವುದು ಐದು ಹೆಸರು: ಸ್ಟೆಫೌನ್ ಹೋರ್ದುರ್ ಗ್ರೀಮ್ಸನ್, ಎಯ್ನರ್ ಬ್ರಾಗಿ, ಯೋನ್ ಓಸ್ಕರ್, ಹಾನೆಸ್ ಸಿಗ್ಫೂಸನ್, ಸಿಗ್ಫೂಸ್ ದಾದಸನ್. ಹಾನೆಸ್ ಅವರ ಮೊದಲ ಸಂಕಲನ 'ದಿಂಬಿಲ್ವಾಕಾ' ಬಂದದ್ದು 1949ರಲ್ಲಿ. ಎಯ್ನರ್ ಬ್ರಾಗಿ 1950. ಸಿಗ್ಫೂಸ್ 1951. ಯೋನ್ ಓಸ್ಕರ್ ಅವರ ಕವಿತೆಗಳು ಪುಸ್ತಕವಾಗಿ ಬಂದದ್ದು 1953ರಲ್ಲಿ. 1948ಕ್ಕೆ ಮುಂಚೆ ಕವನ ಸಂಕಲನ ಇದ್ದವರು ಸ್ಟೆಫೌನ್ ಹೋರ್ದುರ್ ಒಬ್ಬರೇ, 1946ರ 'ಕಿಟಕಿ ಉತ್ತರಕ್ಕಿದೆ'. ಅವರು ನಿಜಕ್ಕೂ ಹೊಸ ದಾರಿ ಹಿಡಿದದ್ದು 1951ರ 'ಸ್ವಾರ್ಟಾಲ್ವಾದಾನ್ಸ್' ಸಂಕಲನದಲ್ಲಿ. ಹೆಸರಿನ ಅರ್ಥ ಕಪ್ಪು ಯಕ್ಷರ ಕುಣಿತ.

ಹಾಗಾದರೆ ಬೆಂಜಮಿನ್ ಯಾರ ಚಿತ್ರ? ಈ ಐವರದ್ದಂತೂ ಅಲ್ಲ. ಅಂಗಿ ಮೊದಲು ಹೊಲಿದರು, ಆಮೇಲೆ ಮೈ ಹುಡುಕಿದರು.

ತಗಾದೆ:
ಒಪ್ಪಿದೆ. ಇಸವಿ ಹಾಕಿ ಹೊಡೆದರೆ ಏನು ಮಾಡೋದು.

ಅರ್ಧಕಾಫಿ:
ಇದು ನನಗೆ ಹೊಳೆದೇ ಇರಲಿಲ್ಲ! ಆದರೆ 'ಆಟಂ'ಯೇ ಯಾಕೆ? ಪ್ರಾಸ ಬಿಟ್ಟವನಿಗೂ ಆಟಂಗೂ ಏನು ನಂಟು?

ಗುಬ್ಬಿಗೂಡು:
ಬಾಂಬ್‌ನ ನಂಟು, ಮತ್ತೇನು. ಹಿರೋಶಿಮಾ ಆಗಿ ಮೂರೇ ವರ್ಷ. ಆಗ ಹೊಸದೆಲ್ಲಾ ಆಟಂ.

ಆದರೆ ಐಸ್‌ಲ್ಯಾಂಡಿಗೆ ಇದು ದೂರದ ಸುದ್ದಿ ಆಗಿರಲಿಲ್ಲ. 1940ರ ಮೇ 10ರಂದು ಬ್ರಿಟಿಷ್ ಸೈನ್ಯ ಬಂದು ಇಳಿಯಿತು. ಮರುವರ್ಷ ಅಮೆರಿಕದವರು ಬಂದರು. 1944ರ ಜೂನ್ 17ರಂದು ದೇಶ ಡೆನ್ಮಾರ್ಕ್‌ನಿಂದ ಪೂರ್ತಿ ಬಿಡಿಸಿಕೊಂಡು ಗಣರಾಜ್ಯವಾಯಿತು. ಮರುವರ್ಷವೇ ಅಮೆರಿಕ ಕೇಳಿತು: ಸೈನಿಕ ನೆಲೆಗೆ ಜಾಗ ಕೊಡಿ, 99 ವರ್ಷಕ್ಕೆ! ಅದಕ್ಕೆ ಒಪ್ಪಲಿಲ್ಲ, ಆದರೆ 1946ರಲ್ಲಿ ಕೆಫ್ಲಾವಿಕ್ ವಿಮಾನ ನಿಲ್ದಾಣದ ಒಪ್ಪಂದ ಆಯಿತು. 1949ರ ಮಾರ್ಚ್ 30ರಂದು ನೇಟೋ ಸೇರುವ ತೀರ್ಮಾನ ಆದಾಗ ಸಂಸತ್ತಿನ ಮುಂದಿನ ಚೌಕದಲ್ಲಿ ಕಲ್ಲು ತೂರಾಟ, ಅಶ್ರುವಾಯು. 1951ರಲ್ಲಿ ಅಮೆರಿಕದ ಸೈನ್ಯ ಮತ್ತೆ ಬಂತು.

ಕಾದಂಬರಿಯ 'ಆಟಂ ಠಾಣೆ' ಅಂದರೆ ಇದೇ ನೆಲೆ. ನಮ್ಮ ನೆಲ ಮಾರುತ್ತಿದ್ದಾರೆ ಅನ್ನುವುದೇ ಕಾದಂಬರಿಯ ಸಿಟ್ಟು. ಅಂಥ ಪುಸ್ತಕದಲ್ಲಿ 'ಆಟಂ ಕವಿ' ಅಂದರೆ ಹೇಗೆ ಕೇಳಿಸುತ್ತದೆ ನೋಡಿ. ಬೂಟುಗಾಲಿನ ಜೊತೆ ಬಂದವನು. ಚೂಯಿಂಗ್ ಗಮ್ ಜೊತೆ ಬಂದವನು.

ಉತ್ತರದಿಕ್ಕು:
ಗುಬ್ಬಿಗೂಡು ಹೇಳಿದ್ದು ಸರಿ, ಆದರೆ ಅರ್ಧ ಮಾತ್ರ. ನಾನು ಕೆಲಸದ ಮೇಲೆ ಎರಡು ವರ್ಷ ರೇಕ್ಯಾವಿಕ್‌ನಲ್ಲಿದ್ದೆ, ಅವರ ಭಾಷೆ ಒಂಚೂರು ಕಲಿತೆ. ಚೂರೇ. ಬೇಕರಿಯಲ್ಲಿ ಬ್ರೆಡ್ ಕೇಳುವಷ್ಟು, ಬೈದರೆ ಗೊತ್ತಾಗುವಷ್ಟು. ನನ್ನ ಪ್ರಕಾರ ಆ ಪದದ ಚುಚ್ಚು ಬಾಂಬ್‌ನಲ್ಲಿ ಇಲ್ಲ. 'ಆಟೋಮ್' ಅನ್ನುವ ಶಬ್ದದಲ್ಲೇ ಇದೆ.

ಐಸ್‌ಲ್ಯಾಂಡಿನವರು ಹೊರಗಿನ ಪದವನ್ನು ಸುಲಭಕ್ಕೆ ಮನೆಯೊಳಗೆ ಬಿಡುವುದಿಲ್ಲ. ಟೆಲಿಫೋನ್‌ಗೆ 'ಸೀಮಿ' ಅನ್ನುತ್ತಾರೆ, ದಾರ ಅನ್ನುವ ಅರ್ಥದ ಹಳೆಯ ಪದವನ್ನು ಹುಡುಕಿ ತೆಗೆದರು. ಕಂಪ್ಯೂಟರ್‌ಗೆ 'ಟೋಲ್ವಾ', ಸಂಖ್ಯೆ ಅನ್ನುವ ಪದಕ್ಕೂ ಕಣಿ ಹೇಳುವವಳು ಅನ್ನುವ ಪದಕ್ಕೂ ಗಂಟು ಹಾಕಿ ಮಾಡಿದ್ದು. ಲೆಕ್ಕದ ಕೊರವಂಜಿ ಅನ್ನಿ! ಆಟಂಗೂ ಅವರದೇ ಪದ ಇದೆ, 'ಫ್ರುಮೆಯ್ಂಡ್', ಮೊದಲ ಬಿಡಿ ಅನ್ನುವ ಅರ್ಥ. ಅಣುಶಕ್ತಿಗೆ 'ಕ್ಯಾರ್ನೋರ್ಕಾ', ತಿರುಳಿನ ಶಕ್ತಿ.

ಅಂಥ ಊರಿನಲ್ಲಿ 'ಆಟೋಮ್' ಅಂದರೆ ಕಸ್ಟಮ್ಸ್ ಚೀಟಿ ಇನ್ನೂ ಕಿತ್ತಿರದ ಪೆಟ್ಟಿಗೆ. ಅದನ್ನು ತಂದು ಯಾವುದಕ್ಕೆ ಜೋಡಿಸಿದರು? 'ಸ್ಕೌಲ್ಡ್'ಗೆ. ಅವರ ಭಾಷೆಯಲ್ಲಿ ಅದಕ್ಕಿಂತ ಹಳೆಯ, ಅದಕ್ಕಿಂತ ಮರ್ಯಾದೆಯ ಪದ ಕಡಿಮೆ. ನಾರ್ವೆಯ ರಾಜರ ಆಸ್ಥಾನದಲ್ಲಿ ನಿಂತು ಪದ್ಯ ಹೇಳುತ್ತಿದ್ದವರು ಸ್ಕೌಲ್ಡ್‌ಗಳು. ಆಟಂ ಮತ್ತು ಸ್ಕೌಲ್ಡ್ ಎರಡನ್ನೂ ಒಟ್ಟಿಗೆ ಹೇಳಿದರೇ ಅಲ್ಲಿಯವರಿಗೆ ನಗು ಬರುತ್ತದೆ. ಪಂಚೆಯ ಮೇಲೆ ಟೈ ಕಟ್ಟಿದ ಹಾಗೆ.

ಇನ್ನೊಂದು. ಸ್ಕೌಲ್ಡ್ ಹಿಂದೆ ಒಂದು ಪದ ಸಿಕ್ಕಿಸುವುದು ಅಲ್ಲಿ ಹಳೇ ಚಾಳಿ. ಆಸ್ಥಾನ ಕವಿಗೆ 'ಹಿರ್ದ್‌ಸ್ಕೌಲ್ಡ್', ನಾಡ ಕವಿಗೆ 'ಥ್ಯೋದ್‌ಸ್ಕೌಲ್ಡ್'. ಪದ್ಯದಿಂದಲೇ ದೆವ್ವ ಓಡಿಸುವ ಮಂತ್ರವಾದಿ ಕವಿಗೆ 'ಕ್ರಾಫ್ಟಾಸ್ಕೌಲ್ಡ್'. ಕೆಟ್ಟದಾಗಿ ಬರೆಯುವವನಿಗೆ 'ಲೆಯ್ರ್‌ಸ್ಕೌಲ್ಡ್', ಕೆಸರು ಕವಿ! ಇದರ ಹಿಂದಿನ ಕಥೆ ಕೇಳಿದರೆ ಊಟ ಮಾಡುತ್ತಿರುವವರು ತಟ್ಟೆ ಪಕ್ಕಕ್ಕಿಡಿ.

ಗುಬ್ಬಿಗೂಡು:
ಹೇಳಿ ಹೇಳಿ. ಊಟ ಆಗಿದೆ.

ಉತ್ತರದಿಕ್ಕು:
ಕುಡಿದವರಿಗೆ ಕಾವ್ಯ ಬರುವಂಥ ಒಂದು ಮಧು ಇತ್ತು. ಒಬ್ಬ ದೈತ್ಯನ ಹತ್ತಿರ. ಓದಿನ್ ದೇವರು ಅದನ್ನು ಮೋಸದಿಂದ ಕುಡಿದು, ಹದ್ದಿನ ರೂಪ ತಾಳಿ ಹಾರಿದ. ದೈತ್ಯನೂ ಹದ್ದಾಗಿ ಅಟ್ಟಿಸಿಕೊಂಡು ಬಂದ. ದೇವತೆಗಳು ಅಂಗಳದಲ್ಲಿ ಪಾತ್ರೆಗಳನ್ನು ಇಟ್ಟು ಕಾಯುತ್ತಿದ್ದರು, ಓದಿನ್ ಬಂದು ಅದರೊಳಗೆ ಉಗುಳಿದ. ಅದು ಒಳ್ಳೆಯ ಕವಿಗಳ ಪಾಲು. ಆದರೆ ಬೆನ್ನಟ್ಟಿ ಬಂದವನ ಭಯಕ್ಕೆ ಸ್ವಲ್ಪ ಮಧು ಹಿಂದಿನಿಂದಲೂ ಹೋಯಿತು. ಅದು ಯಾರಿಗೂ ಬೇಡವಾದ ಪಾಲು, ಬೇಕಾದವರು ತೆಗೆದುಕೊಳ್ಳಬಹುದು. ಕೆಟ್ಟ ಕವಿಗಳು ಕುಡಿದದ್ದು ಅದನ್ನು. ಹದ್ದಿನ ಆ ಕೆಸರಿನಿಂದ ಬಂದದ್ದು ಕೆಸರು ಕವಿ.

ಈಗ ಹೋಲಿಸಿ. ಕೆಸರು ಕವಿ ಅಂದರೆ ನೀನು ಕೆಟ್ಟ ಕವಿ, ಆದರೆ ನಮ್ಮವನು, ನಮ್ಮ ಪುರಾಣದಲ್ಲೇ ನಿನಗೊಂದು ಜಾಗ ಇದೆ ಅಂತ. ಆಟಂ ಕವಿ ಅಂದರೆ ನಿನಗೆ ಆ ಜಾಗವೂ ಇಲ್ಲ, ಹದ್ದಿನ ಹಿಂಭಾಗದಿಂದ ಬಿದ್ದದ್ದೂ ನಿನಗಿಲ್ಲ! ನನ್ನ ಪ್ರಕಾರ ಬೈಗುಳದ ಖಾರ ಇರುವುದು ಇಲ್ಲಿ.

ತಗಾದೆ:
ಬರೀ ಪ್ರಾಸ ಬಿಟ್ಟದ್ದಕ್ಕೆ ಇಷ್ಟೊಂದು ಸಿಟ್ಟಾ? ಗೋವಿಂದ ಪೈಗಳು 1911ರಲ್ಲಿ ಆದಿಪ್ರಾಸ ಬಿಟ್ಟರು. ಇಲ್ಲೂ ಗಲಾಟೆ ಆಯಿತು, ಆದರೆ ಯಾರೂ ಅವರನ್ನು 'ರೈಲು ಕವಿ' ಅನ್ನಲಿಲ್ಲವಲ್ಲ.

ಉತ್ತರದಿಕ್ಕು:
ಅವರ ಪ್ರಾಸದ ತೂಕವೇ ಬೇರೆ. ನಮ್ಮಲ್ಲಿ ಸಾಲಿನ ಎರಡನೇ ಅಕ್ಷರ ಹೊಂದಿಸುತ್ತಿದ್ದೆವು. ಅವರಲ್ಲಿ ಪದದ ಮೊದಲ ಧ್ವನಿ. ಮೊದಲ ಸಾಲಿನಲ್ಲಿ ಎರಡು ಕಡೆ ಬರಬೇಕು, ಎರಡನೇ ಸಾಲಿನ ಶುರುವಿನಲ್ಲಿ ಒಂದು ಸಲ. ಮೊದಲಿನ ಎರಡಕ್ಕೆ 'ಸ್ತುದ್ಲರ್' ಅನ್ನುತ್ತಾರೆ, ಊರೆಗಂಬ ಅಂದುಕೊಳ್ಳಿ. ಎರಡನೇ ಸಾಲಿನದ್ದು 'ಹೋವುದ್‌ಸ್ತಾವುರ್', ತಲೆಯಕ್ಷರ. ಸುಮ್ನೆ ಕನ್ನಡದಲ್ಲಿ ಒಂದು ಮಾಡಿ ತೋರಿಸುತ್ತೇನೆ, ಪದ್ಯ ಅಂತ ನೋಡಬೇಡಿ:

ಕಡಲ ಮೇಲೆ ಕವಿದ ಇರುಳು
ಕರಗಿ ಬೆಳಕು ಮೂಡಿತು

ಕಡಲ, ಕವಿದ, ಆಮೇಲೆ ಕರಗಿ. ಮೂರು 'ಕ'. ಎಲ್ಲಿ ಬೇಕಾದಲ್ಲಿ ಇಟ್ಟರೆ ನಡೆಯುವುದಿಲ್ಲ, ಮೊದಲಿನ ಎರಡರ ನಡುವೆ ದೂರ ಜಾಸ್ತಿ ಆದರೂ ತಪ್ಪು. ಸ್ವರ ಆದರೆ ಯಾವ ಸ್ವರದ ಜೊತೆ ಯಾವ ಸ್ವರವೂ ಹೊಂದುತ್ತದೆ. ಆದರೆ 'ಸ್ತ' ಬಂದರೆ 'ಸ್ತ'ವೇ ಬರಬೇಕು, ಬರೀ 'ಸ' ಸಾಲದು. ದೇವರು, ವೀರರ ಕಥೆ ಹೇಳುವ ಹಳೆಯ ಎಡ್ಡಾ ಪದ್ಯಗಳ ಕಾಲದಿಂದ ಬಂದ ಕಟ್ಟು ಇದು. ಅಕ್ಕಪಕ್ಕದ ದೇಶಗಳೆಲ್ಲ ಶತಮಾನಗಳ ಹಿಂದೆಯೇ ಬಿಟ್ಟವು. ಇವರು ಬಿಡಲಿಲ್ಲ. ಚಳಿಗಾಲದ ರಾತ್ರಿ ಇಡೀ ಮನೆ ಕೂತು ಉಣ್ಣೆ ನೂಲುವಾಗ ಒಬ್ಬ 'ರೀಮುರ್' ಹಾಡುತ್ತಿದ್ದ, ಕಥೆ ಹೇಳುವ ಉದ್ದನೆಯ ಪದ. ನಮ್ಮ ಮನೆಗಳಲ್ಲಿ ಜೈಮಿನಿ ಓದಿಸುತ್ತಿದ್ದ ಹಾಗೆ. ಓದು ಬಾರದವರಿಗೂ ಕಿವಿ ತಯಾರಾಗಿರುತ್ತಿತ್ತು. ತಲೆಯಕ್ಷರ ತಪ್ಪಿದರೆ ಸಾರಿಗೆ ಉಪ್ಪು ಹಾಕಿಲ್ಲ ಅನ್ನುವಷ್ಟು ಬೇಗ ಗೊತ್ತಾಗುತ್ತಿತ್ತು.

ಈಗಲೂ ಪೂರ್ತಿ ಹೋಗಿಲ್ಲ. ನಮ್ಮ ಆಫೀಸಿನಲ್ಲಿ ಒಬ್ಬರಿಗೆ ಅರವತ್ತು ತುಂಬಿದಾಗ ಕೇಕ್ ಕತ್ತರಿಸಿ, ಒಬ್ಬೊಬ್ಬರೇ ಎದ್ದು ನಾಲ್ಕು ಸಾಲಿನ ಚೌಪದಿ ಹೇಳಿದರು. ಲೆಕ್ಕ ಬರೆಯುವವರು, ಡ್ರೈವರ್, ಎಲ್ಲರೂ. ನಾನೂ ಹುಮ್ಮಸ್ಸಿನಲ್ಲಿ ನನ್ನ ಮುರುಕು ಐಸ್‌ಲ್ಯಾಂಡಿಕ್‌ನಲ್ಲಿ ನಾಲ್ಕು ಸಾಲು ಓದಿದೆ. ಊರೆಗಂಬವೂ ಇಲ್ಲ, ತಲೆಯಕ್ಷರವೂ ಇಲ್ಲ. ಒಂದು ಕ್ಷಣ ಎಲ್ಲಾ ಸುಮ್ಮನಾದರು. ಹಿಂದೆ ಕೂತಿದ್ದ ಅಜ್ಜ ಒಬ್ಬರು ಜೋರಾಗಿ "ಆಟೋಮ್‌ಲ್ಯೋದ್!" ಅಂದರು. ಎಲ್ಲರೂ ಬಿದ್ದುಬಿದ್ದು ನಕ್ಕರು. ಬೈದದ್ದಲ್ಲ, ಪ್ರೀತಿಯಿಂದ ಅಂದದ್ದು. ಆ ಪದದ ಬಗ್ಗೆ ನನಗೆ ಕುತೂಹಲ ಹುಟ್ಟಿದ್ದು ಆವತ್ತೇ.

ಅರ್ಧಕಾಫಿ:
ಇದು ಲೇಖನಕ್ಕೆ ಬೇಕು, ಕದಿಯುತ್ತೇನೆ. ಹಾಗಾದರೆ ಕಟ್ಟು ಮೊದಲು ಮುರಿದದ್ದು ಈ ಐವರೇನಾ?

ಹಳೇಪೇಟೆ:
ಅಲ್ಲ. ಅದೇ ತಮಾಷೆ. ಯೋನ್ ಊರ್ ವೋರ್ 1946ರಲ್ಲೇ 'ಹಳ್ಳಿ' ಅನ್ನುವ ಸಂಕಲನ ತಂದಿದ್ದರು, 'ಥೋರ್ಪಿದ್' ಅಂತ ಮೂಲ ಹೆಸರು. ಪಶ್ಚಿಮದ ಪಾತ್ರೆಕ್ಸ್‌ಫ್ಯೋರ್ದುರ್ ಅನ್ನುವ ಮೀನುಗಾರರ ಊರು, ಅಲ್ಲಿನ ಬಡತನ, ಬಾಲ್ಯ. ಎಲ್ಲಾ ಮುಕ್ತ ಛಂದಸ್ಸು. ಅಲ್ಲಿ ಬಾಂಬೂ ಇಲ್ಲ, ನಗರವೂ ಇಲ್ಲ, ಅರ್ಥವಾಗದ್ದೂ ಏನಿಲ್ಲ.

ಇನ್ನೊಬ್ಬರು ಸ್ಟೆಯ್ನ್ ಸ್ಟೆಯ್ನರ್. 'ಕಾಲ ಮತ್ತು ನೀರು' ಅವರದು. ಕಾದಂಬರಿ ಬಂದ 1948ರಲ್ಲೇ ಅದೂ ಬಂತು. ಹಳೆಯ ಛಂದಸ್ಸು ಕೊನೆಗೂ ಸತ್ತಿತು ಅಂತ 1950ರಲ್ಲಿ ಸಂದರ್ಶನದಲ್ಲಿ ಹೇಳಿ ಕೋಲಾಹಲ ಎಬ್ಬಿಸಿದವರೂ ಇವರೇ. ಆದರೆ 'ಕಾಲ ಮತ್ತು ನೀರು' ತೆರೆದು ನೋಡಿ, ಅದರಲ್ಲಿ ಪ್ರಾಸವೂ ಇದೆ, ತಲೆಯಕ್ಷರವೂ ಇದೆ! ಕಿವಿಗೆ ಹಳೆಯದು. ಅರ್ಥ ಹಿಡಿಯಲು ಹೋದರೆ ಮಾತ್ರ ಕೈಯಿಂದ ಜಾರುತ್ತದೆ.

ಇವರಿಬ್ಬರನ್ನೂ ಐವರ ಪಟ್ಟಿಗೆ ಸಾಮಾನ್ಯವಾಗಿ ಸೇರಿಸುವುದಿಲ್ಲ, ದಾರಿ ತೋರಿದವರು ಅನ್ನುತ್ತಾರೆ. ಹೆಸರಿಗೆ ತಕ್ಕ ಗಡಿ ಇದ್ದಿದ್ದರೆ ಇವರೇ ಮೊದಲು ಒಳಗಿರಬೇಕಿತ್ತು.

ಗುಬ್ಬಿಗೂಡು:
ನನಗೆ ಅತಿ ಮಜಾ ಅನಿಸುವುದು ಲಾಕ್ಸ್‌ನೆಸ್. ಈ ಹೊಸ ಕವಿಗಳಲ್ಲಿ ಜಾಸ್ತಿ ಜನ ಎಡಪಂಥದ ಕಡೆಯವರು, ಸೈನಿಕ ನೆಲೆ ಬೇಡ ಅಂದವರು. ಲಾಕ್ಸ್‌ನೆಸ್ ಕೂಡ ಅದೇ ಕಡೆ. ಅಂದರೆ ಅವರು ಎಸೆದ ಕಲ್ಲು ಬಿದ್ದದ್ದು ತಮ್ಮ ಕಡೆಯ ಹುಡುಗರ ಮೇಲೆ.

ಹಳೇಪೇಟೆ:
ಅಷ್ಟೇ ಅಲ್ಲ. ಲಾಕ್ಸ್‌ನೆಸ್ ತಾವೇ ಇಪ್ಪತ್ತರ ಹರೆಯದಲ್ಲಿ ಇಂಥದ್ದನ್ನು ಬರೆದಿದ್ದರು. 'ಕಾಡಿನಲ್ಲಿ ಹುಡುಗ' ಅಂತ 1925ರಲ್ಲಿ ಒಂದು ಪದ್ಯ, ಆಮೇಲೆ 1930ರಲ್ಲಿ ಪುಟ್ಟ ಸಂಕಲನ. ಆ ಕಾಲಕ್ಕೆ ಅದು ತಲೆಬುಡ ಇಲ್ಲದ್ದು ಅನಿಸಿಕೊಂಡ ಬರವಣಿಗೆ. ಬೆಂಜಮಿನ್‌ನಲ್ಲಿ ಲಾಕ್ಸ್‌ನೆಸ್ ಹರೆಯದ ದಿನಗಳ ತಮ್ಮದೇ ಕಾಲನ್ನು ಸ್ವಲ್ಪ ಎಳೆದುಕೊಂಡಿರಬಹುದು ಅಂತ ನನ್ನ ಅನುಮಾನ. ಆ ಆರ್ಗನ್ ಮೇಷ್ಟ್ರ ಮನೆ ಕೂಡ ರೇಕ್ಯಾವಿಕ್‌ನ ಉನುಹೂಸ್ ಅನ್ನುವ ಮನೆಯ ನೆರಳು. ಲಾಕ್ಸ್‌ನೆಸ್ ಸೇರಿ ಎಷ್ಟೋ ಬರಹಗಾರರು ಅಲ್ಲಿ ಕಾಫಿ ಕುಡಿದು ಬೆಳೆದವರು.

ತಗಾದೆ:
ನಮ್ಮ 'ನವ್ಯ'ರ ಕಥೆಯೂ ಹೀಗೇ ಅಲ್ವಾ? ಅದೇ ಕಾಲ, ಅದೇ ಜಗಳ.

ಹಳೇಪೇಟೆ:
ಕಾಲ ಒಂದೇ, ಹೆಸರು ಬಂದ ದಾರಿ ಬೇರೆ. 'ನವ್ಯ' ಅನ್ನುವುದು ಬರೆಯುವವರೇ ಇಟ್ಟುಕೊಂಡ ಹೆಸರು, ಗೋಕಾಕರು 1950ರಲ್ಲಿ ತಮ್ಮ ಸಂಕಲನಕ್ಕೇ ಆ ಹೆಸರಿಟ್ಟರು. ಇಲ್ಲಿ ಬೇರೆಯವರು ಎಸೆದ ಹೆಸರು. ತಾವೇ ಕರೆದುಕೊಂಡರೆ ಅದರ ಜೊತೆ ಒಂದು ವಾದ ಇರುತ್ತದೆ, ಇಂಥವರು ಒಳಗೆ, ಇಂಥವರು ಹೊರಗೆ ಅಂತ. ಎಸೆದ ಹೆಸರಿಗೆ ಗುರಿಯೇ ಇರುವುದಿಲ್ಲ, ಯಾರ ಮೇಲೆ ಬೇಕಾದರೂ ಬೀಳುತ್ತದೆ. ನವ್ಯದ ಬಗ್ಗೆ ಬೇಕಾದರೆ ಬೇರೆ ಎಳೆ ತೆಗೆಯಿರಿ, ಇಲ್ಲಿ ಶುರುವಾದರೆ ಐಸ್‌ಲ್ಯಾಂಡ್ ಕರಗಿಹೋಗುತ್ತದೆ.

ಅರ್ಧಕಾಫಿ:
ಆ ಐವರು ಈ ಹೆಸರನ್ನು ಒಪ್ಪಿಕೊಂಡರಾ?

ಉತ್ತರದಿಕ್ಕು:
ಹೆಮ್ಮೆಯಿಂದ ಎದೆಗೆ ಚುಚ್ಚಿಕೊಂಡವರಲ್ಲ. ಅವರು ಸಂಘ ಕಟ್ಟಿಕೊಂಡವರೂ ಅಲ್ಲ. ಎಯ್ನರ್ ಬ್ರಾಗಿ ಮುಂದೆ ನಿಂತು 'ಬಿರ್ಟಿಂಗುರ್' ಅನ್ನುವ ಪತ್ರಿಕೆ ನಡೆಸಿದರು, 1955ರಿಂದ 1968ರವರೆಗೆ. ಹೊಸ ಕಾವ್ಯ, ಹೊಸ ಚಿತ್ರಕಲೆ, ಬೇರೆ ದೇಶದ ಕವಿತೆಗಳ ಅನುವಾದ ಎಲ್ಲಾ ಅದರಲ್ಲಿ ಬರುತ್ತಿತ್ತು. ಅದು ಬಿಟ್ಟರೆ ಒಬ್ಬೊಬ್ಬರದು ಒಂದೊಂದು ದಾರಿ. ಸಿಗ್ಫೂಸ್ ದಾದಸನ್ ಪ್ಯಾರಿಸ್‌ಗೆ ಓದಲು ಹೋದರು, ಅವರ ಸಾಲುಗಳಲ್ಲಿ ವಾದ ಮಾಡುವವನ ಗತ್ತು. ಹಾನೆಸ್ ಅವರ ಕವಿತೆಯಲ್ಲಿ ಯುದ್ಧದ ನಂತರದ ಕತ್ತಲೆ, ಎಲಿಯಟ್ ನೆರಳು. ಬಹಳ ವರ್ಷ ನಾರ್ವೆಯಲ್ಲಿದ್ದರು. ಯೋನ್ ಓಸ್ಕರ್ ಫ್ರೆಂಚ್ ಕವಿಗಳನ್ನು ತಂದರು. ಸ್ಟೆಫೌನ್ ಹೋರ್ದುರ್ ಸಮುದ್ರದ ಮೇಲೆ ದುಡಿದವರು, ಮೀನು ದೋಣಿಯ ಮನುಷ್ಯ. ಕಡಿಮೆ ಬರೆದರು, ಒಂದೊಂದು ಪದವನ್ನೂ ತೂಗಿ. ಈ ಮನುಷ್ಯನಿಗೆ 'ಆಟಂ' ಅನ್ನುವ ಹಣೆಪಟ್ಟಿ ಹಚ್ಚಿದ್ದು ನೆನೆಸಿಕೊಂಡರೆ ನನಗೆ ಈಗಲೂ ನಗು ಬರುತ್ತದೆ.

ಇನ್ನೊಂದು ಮಾತು ಮರೆತೆ. 1950ರಲ್ಲಿ ಇಡೀ ದೇಶದ ಜನಸಂಖ್ಯೆ ಸುಮಾರು 1.4 ಲಕ್ಷ. ಅಂಥ ಕಡೆ ಹೆಸರು ಅಂಟಿದರೆ ಅಂಟಿತು. ಕಾಫಿ ಅಂಗಡಿಗೆ ಹೋದರೆ ಪಕ್ಕದ ಮೇಜಿನವನಿಗೂ ಗೊತ್ತಿರುತ್ತದೆ ನೀನು ಆಟಂ ಅಂತ.

ಗುಬ್ಬಿಗೂಡು:
ಈಗ ಆ ಪದಕ್ಕೆ ಖಾರ ಉಳಿದಿಲ್ಲ ಅಲ್ವಾ?

ಹಳೇಪೇಟೆ:
ಉಳಿದಿಲ್ಲ. ಎಯ್ಸ್ಟೆಯ್ನ್ ಥೋರ್ವಾಲ್ಡ್ಸನ್ ಅನ್ನುವ ವಿದ್ವಾಂಸರು 1980ರಲ್ಲಿ ಈ ಕವಿಗಳ ಬಗ್ಗೆ ದೊಡ್ಡ ಅಧ್ಯಯನ ತಂದರು, ಅದರ ಹೆಸರೇ 'ಆಟಂ ಕವಿಗಳು'. ಅಲ್ಲಿಗೆ ಬೈಗುಳ ಗ್ರಂಥಾಲಯದ ಬೀರು ಸೇರಿದ ಹಾಗೆ. 1989ರಲ್ಲಿ ಐಸ್‌ಲ್ಯಾಂಡಿಕ್ ಸಾಹಿತ್ಯ ಪ್ರಶಸ್ತಿ ಮೊದಲ ಸಲ ಕೊಟ್ಟಾಗ ಅದು ಯಾರಿಗೆ ಹೋಯಿತು? ಸ್ಟೆಫೌನ್ ಹೋರ್ದುರ್ ಗ್ರೀಮ್ಸನ್‌ಗೆ. ಆಗ ಅವರಿಗೆ ಎಪ್ಪತ್ತು.

ಆದರೂ 'ಆಟಂ ಪದ್ಯ' ಅನ್ನುವುದು ಉತ್ತರದಿಕ್ಕಿನ ಅಜ್ಜನ ಬಾಯಲ್ಲಿ ಇನ್ನೂ ಉಳಿದಿದೆ ನೋಡಿ. ಪಂಡಿತರ ಪದಕ್ಕೆ ಖಾರ ಹೋಯಿತು, ಕೇಕ್ ತಿನ್ನುವವರ ಪದಕ್ಕೆ ಸ್ವಲ್ಪ ಉಳಿಯಿತು.

ತಗಾದೆ:
ಹಾಗಾದರೆ ಅರ್ಧಕಾಫಿಯವರೇ, 'ಅಣು' ಬೇಡವೇ ಬೇಡ. ಅಣು ನಮ್ಮದೇ ಪದ, ಹಳೆಯದು, 'ಅಣುರೇಣು ತೃಣಕಾಷ್ಠ'ದಲ್ಲಿ ಇರುವಂಥದ್ದು. ದೇವರ ಮನೆಯ ಪದ ಅದು. ಉತ್ತರದಿಕ್ಕು ಹೇಳಿದ ಹಾಗೆ ಚುಚ್ಚು ಇರುವುದು ಹೊರಗಿನ ಶಬ್ದದಲ್ಲಿ. 'ಅಣುಕವಿ' ಅಂದರೆ ಆ ಚುಚ್ಚೇ ಸತ್ತುಹೋಗುತ್ತದೆ. ಪಟಾಕಿ ಸದ್ದು ಬಂದರೆ ಬರಲಿ ಬಿಡಿ, ಪಟಾಕಿ ಕೂಡ ಪೇಟೆಯಿಂದ ಬಂದದ್ದೇ ತಾನೇ.

ಅರ್ಧಕಾಫಿ:
ಜಗಳಕ್ಕೆ ಬಂದವರೇ ಕೊನೆಗೆ ಪದ ಕೊಟ್ಟಿರಿ! 'ಆಟಂ ಕವಿಗಳು' ಅಂತಲೇ ಇಡುತ್ತೇನೆ. ಶುರು ಹೀಗೆ ಮಾಡಿದ್ದೇನೆ, ನೋಡಿ:

"ಐಸ್‌ಲ್ಯಾಂಡಿನಲ್ಲಿ ಆಟಂ ಕವಿ ಒಬ್ಬ ಹುಟ್ಟಿದ್ದು ಮೊದಲು ಕಾದಂಬರಿಯಲ್ಲಿ. ನಿಜವಾದ ಆಟಂ ಕವಿಗಳ ಗುಂಪು ಆಮೇಲೆ ಬಂತು."

ಹಳೇಪೇಟೆ:
ಚೆನ್ನಾಗಿದೆ. ಎರಡನೇ ವಾಕ್ಯದಲ್ಲಿ 'ಗುಂಪು' ತೆಗೆಯಿರಿ. 'ನಿಜವಾದ' ಕೂಡ.

ಅರ್ಧಕಾಫಿ:
ತೆಗೆದೆ. ಈಗ ವಾಕ್ಯ ಚಿಕ್ಕದಾಯಿತು.

ಉತ್ತರದಿಕ್ಕು:
ಸ್ಟೆಫೌನ್ ಹೋರ್ದುರ್ ಇದ್ದಿದ್ದರೆ ಇನ್ನೂ ಎರಡು ಪದ ತೆಗೆಯುತ್ತಿದ್ದರು.